5060 ಟಿಐ ಕಾರ್ಡಿಗೆ ಎಷ್ಟು ವ್ಯಾಟಿನ ಎಸ್‌ಎಂಪಿಎಸ್ ಬೇಕು? ಈಗಿರುವ 450ರಲ್ಲಿ ಗೇಮ್ ಶುರುವಾದ ಕೂಡಲೇ ಆಫ್ ಆಗುತ್ತದೆ

ಪೆರ್ಲ_ಹುಡುಗ:

ಎಲ್ಲರಿಗೂ ನಮಸ್ಕಾರ. ನನ್ನದು ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ತೋಟದ ಮನೆ. ಗೇಮ್ ಆಡುವ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅಂತ ಎರಡು ವರ್ಷದಿಂದ ಟ್ಯೂಷನ್ ದುಡ್ಡು ಕೂಡಿಡುತ್ತಾ ಬಂದಿದ್ದೇನೆ. ಕಾರ್ಡ್ ಯಾವುದು ಅಂತ ತೀರ್ಮಾನ ಆಗಿದೆ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ) ಎಷ್ಟು ವ್ಯಾಟಿನದ್ದು ಬೇಕು ಅನ್ನುವಲ್ಲಿ ಸಿಕ್ಕಿಬಿದ್ದಿದ್ದೇನೆ.

ಈಗ ಇರುವುದು: ರೈಝನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಒಂದು ಹಳೆಯ ಹಾರ್ಡ್ ಡಿಸ್ಕ್, ಮೂರು ಫ್ಯಾನ್. ಕಾರ್ಡ್ ಜಿಟಿಎಕ್ಸ್ 1650. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ನಾಲ್ಕು ವರ್ಷ ಏನೂ ತೊಂದರೆ ಕೊಟ್ಟಿಲ್ಲ.

ಕಳೆದ ವಾರ ಚಿಕ್ಕಪ್ಪನ ಮಗ ಅವನ ಆರ್‌ಟಿಎಕ್ಸ್ 3060 ತಂದಿದ್ದ, ಹಾಕಿ ನೋಡುವಾ ಅಂತ. ನನ್ನ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಕರೆಂಟ್ ಕೊಡುವ 8 ಪಿನ್ ವಯರೇ ಇಲ್ಲ. ಅಂಗಡಿಯಲ್ಲಿ ಕೇಳಿದಾಗ ಎರಡು ಮೊಲೆಕ್ಸ್ (ಹಳೆಯ ಡಿಸ್ಕುಗಳಿಗೆ ಹಾಕುವ ನಾಲ್ಕು ಪಿನ್ನಿನ ಬಿಳಿ ಕನೆಕ್ಟರ್) ಸೇರಿಸಿ 8 ಪಿನ್ ಮಾಡುವ ಕನ್ವರ್ಟರ್ ಕೊಟ್ಟರು. ಹಾಕಿದೆವು. ವಿಂಡೋಸ್ ಬಂತು, ಗೇಮ್ ಓಪನ್ ಆಯಿತು, ಮೆನುವಿನಲ್ಲಿ ಎಷ್ಟು ಹೊತ್ತು ಇದ್ದರೂ ಏನೂ ಇಲ್ಲ. ಆಟದ ಒಳಗೆ ಹೋದ ಹತ್ತು ಸೆಕೆಂಡಿಗೆ ಟಕ್ ಅಂತ ಒಂದು ಸದ್ದು, ಎಲ್ಲ ಕತ್ತಲೆ. ಮೂರನೇ ಸಲ ಮಾಡುವಾಗ ಪ್ಲಾಸ್ಟಿಕ್ ಕರಟಿದ ವಾಸನೆ ಬಂತು. ತೆಗೆದು ನೋಡಿದರೆ ಬಿಳಿ ಮೊಲೆಕ್ಸಿನ ಹಳದಿ ವಯರ್ ಹೋಗುವ ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು. ಕೂಡಲೇ ಎಲ್ಲ ಬಿಚ್ಚಿಟ್ಟೆ, ಕಾರ್ಡಿಗೆ ಏನೂ ಆಗಿಲ್ಲ.

ನಾನು ತೆಗೆದುಕೊಳ್ಳಬೇಕು ಅಂತ ಇರುವುದು ಆರ್‌ಟಿಎಕ್ಸ್ 5060 ಟಿಐ, 16 ಜಿಬಿಯದ್ದು. ಒಂದು ಅಂಗಡಿಯವರು 550 ಸಾಕು ಅಂದರು. ಇನ್ನೊಂದು ಕಡೆ 850ಕ್ಕಿಂತ ಕಡಿಮೆ ಹಾಕಿದರೆ ಕಾರ್ಡ್ ಹೋಗುತ್ತದೆ ಅಂದರು. ಕಾರ್ಡಿನ ಚಿಪ್ ಮಾಡುವ ಎನ್‌ವಿಡಿಯಾದವರು 600 ಅಂತ ಹೇಳಿದ್ದಾರೆ. ಅಪ್ಪ ಹೇಳುವುದು 850 ಅಂದರೆ ಕರೆಂಟ್ ಬಿಲ್ಲೂ ಅಷ್ಟೇ ಏರುತ್ತದೆ ಅಂತ. ಇದರ ಮೇಲೆ ನಮ್ಮಲ್ಲಿ ಸಂಜೆ ವೋಲ್ಟೇಜ್ ಇಲ್ಲ, ತೋಟಗಳಿಗೆ ನೀರು ಬಿಡುವ ಹೊತ್ತಿಗೆ ಟ್ಯೂಬ್‌ಲೈಟ್ ಕೂಡ ಮಿಣುಕುತ್ತದೆ. ಕಡಿಮೆ ವೋಲ್ಟೇಜಿಗೆ ಜಾಸ್ತಿ ವ್ಯಾಟಿನದ್ದು ಬೇಕಾ? ಎಸ್‌ಎಂಪಿಎಸ್‌ಗೆ ಹೆಚ್ಚೆಂದರೆ 6,000 ಕೊಡಬಹುದು. ದಯವಿಟ್ಟು ಗೊತ್ತಿರುವವರು ಹೇಳಿ.

ಹೊಸಂಗಡಿ_ಗೇಮಿಂಗ್:

650 ತೆಗೆದುಕೊಳ್ಳಿ, ಒಳ್ಳೆಯ ಕಂಪೆನಿಯದ್ದು. ಆ ಕನ್ವರ್ಟರನ್ನು ಇವತ್ತೇ ತುಂಡು ಮಾಡಿ ಬಿಸಾಡಿ, ಮನೆಯಲ್ಲಿ ಇದ್ದರೆ ಇನ್ನೊಂದು ದಿನ ಯಾರಾದರೂ ಹಾಕುತ್ತಾರೆ.

ಮುಳ್ಳೇರಿಯ_ರಿಪೇರಿ:

ತಮ್ಮ, ಮೊದಲು ಒಂದು ಕೆಲಸ ಮಾಡು. ಆ 450ರ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಒಂದು ಸಣ್ಣ ಕೋಷ್ಟಕ. ಅಲ್ಲಿ +12ವಿ ಅಂತ ಇರುವ ಕಡೆ ಎಷ್ಟು ಆಂಪ್ಸ್ ಬರೆದಿದ್ದಾರೆ ನೋಡಿ ಹೇಳು.

ಪೆರ್ಲ_ಹುಡುಗ:

18ಎ ಅಂತ ಉಂಟು ಅಣ್ಣ. +5ವಿ ಕಡೆ 30ಎ, +3.3ವಿ ಕಡೆ 28ಎ.

ಮುಳ್ಳೇರಿಯ_ರಿಪೇರಿ:

ಅಲ್ಲಿಯೇ ಉತ್ತರ ಉಂಟು. 12 ವೋಲ್ಟ್, 18 ಆಂಪ್ಸ್. ಗುಣಿಸಿದರೆ 216 ವ್ಯಾಟ್. ನಿನ್ನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು ಹೆಚ್ಚುಕಡಿಮೆ ಪೂರ್ತಿ ಈ 12 ವೋಲ್ಟಿನ ಲೈನಿನಿಂದಲೇ. ಡಬ್ಬದ ಮೇಲೆ 450 ಅಂತ ಬರೆಯಲಿಕ್ಕೆ ಅವರು 5 ವೋಲ್ಟ್ ಮತ್ತು 3.3 ವೋಲ್ಟಿನದ್ದನ್ನು ಕೂಡ ಕೂಡಿಸಿದ್ದಾರೆ, ಆ ಲೈನುಗಳಿಗೆ ಈಗಿನ ಕಂಪ್ಯೂಟರಿನಲ್ಲಿ ಅಷ್ಟು ಕೆಲಸವೇ ಇಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಪ್ರೊಸೆಸರ್ 5 ವೋಲ್ಟಿನಿಂದ ಎಳೆಯುತ್ತಿದ್ದ ಕಾಲದ ವಿನ್ಯಾಸ ಅದು, ಇನ್ನೂ ಅದೇ ಅಚ್ಚಿನಲ್ಲಿ ಮಾಡಿ ಕ್ಯಾಬಿನೆಟ್ ಒಳಗೆ ಹಾಕಿ ಕೊಡುತ್ತಾರೆ.

ಈಗ ನಿನ್ನ ಲೆಕ್ಕ. ರೈಝನ್ 5 5600ಕ್ಕೆ 65 ವ್ಯಾಟ್ ಅಂತ ಹೇಳುತ್ತಾರೆ, ಆದರೆ ಪೂರ್ತಿ ಓಡುವಾಗ 76ರವರೆಗೆ ಎಳೆಯಲು ಅದಕ್ಕೆ ಅನುಮತಿ ಉಂಟು. 3060 ಕಾರ್ಡ್ 170. ಎರಡೇ ಸೇರಿ 246. ನಿನ್ನ ಡಬ್ಬದಲ್ಲಿ ಇದ್ದದ್ದು 216. ಮೆನುವಿನಲ್ಲಿ ಕಾರ್ಡಿಗೆ ಕೆಲಸ ಕಡಿಮೆ, ಅದಕ್ಕೆ ಓಡಿತು. ಆಟದ ಒಳಗೆ ಹೋದಾಗ ಕೇಳಿತು, ಕೊಡಲಿಕ್ಕೆ ಆಗಲಿಲ್ಲ, ಬಂದ್ ಮಾಡಿತು. ಬಂದ್ ಆದದ್ದೇ ಪುಣ್ಯ. ಇಂಥ ಅಗ್ಗದ ಡಬ್ಬಗಳಲ್ಲಿ ಕೆಲವು ಬಂದ್ ಆಗುವುದೇ ಇಲ್ಲ, ಸಾಯುವಾಗ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಗುತ್ತವೆ. ನನ್ನ ಟೇಬಲಿಗೆ ಬಂದದ್ದನ್ನು ಕಂಡಿದ್ದೇನೆ. ಮಗಳ ಮದುವೆಯ ಫೋಟೋ ಎಲ್ಲ ಇದ್ದ ಡಿಸ್ಕ್ ಅದು, ಒಂದೂ ಸಿಗಲಿಲ್ಲ.

1650 ಯಾಕೆ ನಾಲ್ಕು ವರ್ಷ ಓಡಿತು ಅಂದರೆ ಅದು 75 ವ್ಯಾಟಿನ ಕಾರ್ಡ್. ಬೋರ್ಡಿನ ಸ್ಲಾಟೇ ಅಷ್ಟು ಕೊಡುತ್ತದೆ, ಬೇರೆ ವಯರ್ ಬೇಡ. 75 ಮತ್ತು 76, ಒಟ್ಟು 150ರ ಹತ್ತಿರ, ಆರಾಮ.

ಕನ್ವರ್ಟರ್ ಯಾಕೆ ಕರಟಿತು ಅಂತ ಕೂಡ ಹೇಳುತ್ತೇನೆ. 8 ಪಿನ್ ಅಂದರೆ 150 ವ್ಯಾಟ್ ಕೊಡಬೇಕು ಅಂತ ಲೆಕ್ಕ, ಅಂದರೆ 12.5 ಆಂಪ್ಸ್. ಒಂದು ಮೊಲೆಕ್ಸಿನಲ್ಲಿ 12 ವೋಲ್ಟಿನ ಹಳದಿ ವಯರ್ ಇರುವುದು ಒಂದೇ. ಎರಡು ಮೊಲೆಕ್ಸ್ ಸೇರಿಸಿದ್ದೇವಲ್ಲ ಅಂತ ಅನಿಸುತ್ತದೆ, ಆದರೆ ವಯರ್ ಹಿಡಿದು ಹಿಂದೆ ಹೋಗಿ ನೋಡು. ಮಾಲೆ ಕಟ್ಟಿದ ಹಾಗೆ ಎರಡೂ ಒಂದೇ ವಯರಿನಿಂದ ಬಂದಿರುತ್ತವೆ, ಅದೂ ದಾರದಷ್ಟು ತೆಳು. ಪೂರ್ತಿ ಭಾರ ಅದರ ಮೇಲೆ. ಈಗಿನ ಡಿಸ್ಕುಗಳಿಗೆ ಹೋಗುವ ಸಾಟಾ ವಯರಿನಿಂದ 8 ಪಿನ್ ಮಾಡುವ ಕನ್ವರ್ಟರ್ ಇನ್ನೂ ಅಪಾಯ, ಸಾಟಾ ಕನೆಕ್ಟರಿನ 12 ವೋಲ್ಟಿಗೆ ಮಿತಿಯೇ 4.5 ಆಂಪ್ಸ್, ಅಂದರೆ 54 ವ್ಯಾಟ್. ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಸಿಗುತ್ತದೆ ಅಂತ ಹಾಕಬಾರದು.

ಹೊಸ ಕಾರ್ಡಿಗೆ ಬರುವ. 5060 ಟಿಐ 180 ವ್ಯಾಟ್. ಪ್ರೊಸೆಸರ್ 76. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಸೇರಿ 50 ಇಟ್ಟುಕೋ. ಹಾರ್ಡ್ ಡಿಸ್ಕ್ 10, ಮೂರು ಫ್ಯಾನಿಗೆ 10. ಒಟ್ಟು 326. ಇದು ಎಲ್ಲವೂ ಒಟ್ಟಿಗೆ ಪೂರ್ತಿ ಓಡಿದರೆ, ಗೇಮಿನಲ್ಲಿ ಅಷ್ಟೂ ಬರುವುದಿಲ್ಲ.

ಇಷ್ಟಕ್ಕೆ 350 ಸಾಕಲ್ವಾ ಅಂತ ಕೇಳಬಹುದು. ಸಾಲದು. ಗ್ರಾಫಿಕ್ಸ್ ಕಾರ್ಡ್ ಒಂದೇ ಸಮ ಎಳೆಯುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಸಣ್ಣ ಹೊತ್ತಿನಲ್ಲಿ ಒಮ್ಮೆಲೇ ಮೇಲೆ ಹಾರಿ ಕೆಳಗೆ ಬರುತ್ತದೆ. ಈ ಹಾರುವಿಕೆ ಜಾಸ್ತಿ ಆಗಿಯೇ 2022ರಲ್ಲಿ ಎಟಿಎಕ್ಸ್ 3.0 ಅಂತ ಹೊಸ ನಿಯಮ ತಂದದ್ದು. 100 ಮೈಕ್ರೋಸೆಕೆಂಡ್ ಹೊತ್ತು ತನ್ನ ವ್ಯಾಟಿನ ಎರಡು ಪಟ್ಟು ಕೇಳಿದರೂ ಎಸ್‌ಎಂಪಿಎಸ್ ತಡೆದುಕೊಳ್ಳಬೇಕು ಅಂತ ಅದರಲ್ಲಿ ಉಂಟು. ಹಾಗಾಗಿ ತೆಗೆದುಕೊಳ್ಳುವಾಗ ಡಬ್ಬದ ಮೇಲೆ ಎಟಿಎಕ್ಸ್ 3.0 ಅಥವಾ 3.1 ಅಂತ ಉಂಟಾ ನೋಡು.

ನಾನು ಮಾಡುವ ಲೆಕ್ಕ ಇಷ್ಟೇ, ಕೂಡಿಸಿದ ಮೊತ್ತ ಎಸ್‌ಎಂಪಿಎಸ್‌ನ ಶೇಕಡ 60ರ ಸುತ್ತ ಇರಬೇಕು. ನಿನ್ನ 326ಕ್ಕೆ ಒಳ್ಳೆಯ 550 ಸಾಕು. 550 ಅಂದ ಅಂಗಡಿಯವರು ತಪ್ಪು ಹೇಳಿಲ್ಲ. ಎನ್‌ವಿಡಿಯಾ 600 ಅನ್ನುವುದು ಯಾಕೆಂದರೆ ನಿನ್ನ ಕ್ಯಾಬಿನೆಟ್ ಒಳಗೆ ಯಾವ ಪ್ರೊಸೆಸರ್ ಉಂಟು ಅಂತ ಅವರಿಗೆ ಗೊತ್ತಿಲ್ಲ. ಐ9 14900ಕೆ ಹಾಕಿಕೊಂಡವರಿಗೆ ಪ್ರೊಸೆಸರ್ ಒಂದೇ 253 ವ್ಯಾಟ್ ಎಳೆಯಬಹುದು. ಅವರನ್ನೂ ಸೇರಿಸಿ ಒಂದು ಸಂಖ್ಯೆ ಹೇಳಬೇಕಲ್ಲ.

ಆದರೂ ನಿನಗೆ ನಾನು ಹೇಳುವುದು 650. ಎರಡು ಮೂರು ವರ್ಷದ ಮೇಲೆ ನೀನು ಕಾರ್ಡ್ ಬದಲಿಸುತ್ತೀ, ಆಗ 5070ರಂಥದ್ದು 250 ವ್ಯಾಟಿನದ್ದು ಬಂದರೂ ಒಟ್ಟು 400ರ ಹತ್ತಿರ, 650ಕ್ಕೆ ಆರಾಮ. 550ಕ್ಕೂ 650ಕ್ಕೂ ದುಡ್ಡಿನ ವ್ಯತ್ಯಾಸ ಜಾಸ್ತಿ ಇಲ್ಲ. 850 ನಿನಗೆ ಬೇಡ, ಅದು ಎನ್‌ವಿಡಿಯಾದವರು 5080ಕ್ಕೆ ಹೇಳುವ ಸಂಖ್ಯೆ, ಆ ಕಾರ್ಡ್ ಒಂದೇ 360 ವ್ಯಾಟ್.

ಅಂಗಡಿಯಲ್ಲಿ ವ್ಯಾಟ್ ಎಷ್ಟು ಅಂತ ಕೇಳಬೇಡ. ಡಬ್ಬ ತಿರುಗಿಸಿ 12 ವೋಲ್ಟಿನ ಆಂಪ್ಸ್ ನೋಡು. 650ರದ್ದಕ್ಕೆ 54 ಆಂಪ್ಸ್ ಹತ್ತಿರ ಇರಬೇಕು. 12ರಿಂದ ಗುಣಿಸಿದರೆ 648 ಬರುತ್ತದೆ, ಅಂದರೆ ಹೇಳಿದ್ದನ್ನು ಪೂರ್ತಿ 12 ವೋಲ್ಟಿನಲ್ಲೇ ಕೊಡುತ್ತದೆ ಅಂತ ಅರ್ಥ. 650 ಅಂತ ಬರೆದು 30 ಆಂಪ್ಸ್ ಇದ್ದರೆ ಅಲ್ಲೇ ಇಟ್ಟು ಬಾ.

ಉಪ್ಪಳ_ರೈಲ್ವೆಗೇಟ್:

ರಿಪೇರಿ ಅಣ್ಣ ಹೇಳಿದ್ದು ಸರಿ, ಆದರೆ ಒಂದು ಮಾತು. ಎಸ್‌ಎಂಪಿಎಸ್ ಅರ್ಧ ಲೋಡಿನಲ್ಲಿ ಓಡಿದರೆ ಕರೆಂಟ್ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ 5070 ಹಾಕುವವನು 850 ತೆಗೆದುಕೊಂಡರೇ ಒಳ್ಳೆಯದಲ್ವಾ? ಅದೂ ಕರೆಂಟ್ ಕಡಿಮೆ ಹಾಳುಮಾಡುವ ಗೋಲ್ಡ್ ದರ್ಜೆಯದ್ದು. ನಾನು ಹಾಗೆಯೇ ಮಾಡಿದ್ದು.

ಮುಳ್ಳೇರಿಯ_ರಿಪೇರಿ:

ನೀವು ಮಾಡಿದ್ದರಲ್ಲಿ ತಪ್ಪಿಲ್ಲ, ದುಡ್ಡು ಇದ್ದರೆ ತೆಗೆದುಕೊಳ್ಳಬಹುದು. ಆದರೆ ಉಳಿತಾಯಕ್ಕೆ ಅಂತ ತೆಗೆದುಕೊಂಡರೆ ಲೆಕ್ಕ ಕೂಡುವುದಿಲ್ಲ. ಬ್ರಾಂಜ್ ಅಂದರೆ ಗೋಡೆಯಿಂದ ಎಳೆದದ್ದರಲ್ಲಿ ಕಂಪ್ಯೂಟರಿಗೆ ಸಿಗುವುದು ಅರ್ಧ ಲೋಡಿನಲ್ಲಿ ಶೇಕಡ 85, ಪೂರ್ತಿ ಲೋಡಿನಲ್ಲಿ 82. ಗೋಲ್ಡ್ 90 ಮತ್ತು 87. ಅರ್ಧಕ್ಕೂ ಪೂರ್ತಿಗೂ ನಡುವೆ ಮೂರೇ ಶೇಕಡ. ಇದು 115 ವೋಲ್ಟಿನಲ್ಲಿ ಪರೀಕ್ಷೆ ಮಾಡಿದ ಲೆಕ್ಕ, ನಮ್ಮ 230ರಲ್ಲಿ ಇನ್ನೂ ಸ್ವಲ್ಪ ಚೆನ್ನಾಗಿಯೇ ಇರುತ್ತದೆ.

ಈ ಹುಡುಗನ ಅಪ್ಪನ ಪ್ರಶ್ನೆಗೂ ಇಲ್ಲಿಯೇ ಉತ್ತರ ಹೇಳುತ್ತೇನೆ. 850 ಅಂದರೆ ಕೊಡಲಿಕ್ಕೆ ಆಗುವ ಗರಿಷ್ಠ, ಸದಾ ಎಳೆಯುವುದಲ್ಲ. ಸಾವಿರ ಲೀಟರಿನ ಟ್ಯಾಂಕಿ ಇಟ್ಟ ಮಾತ್ರಕ್ಕೆ ಸಾವಿರ ಲೀಟರ್ ಖರ್ಚಾಗುವುದಿಲ್ಲ, ನಳ್ಳಿ ಬಿಟ್ಟಷ್ಟೇ ಹೋಗುವುದು. ಕಂಪ್ಯೂಟರಿಗೆ 300 ವ್ಯಾಟ್ ಬೇಕು ಅಂತಾದರೆ ಬ್ರಾಂಜ್ ಗೋಡೆಯಿಂದ 353 ಎಳೆಯುತ್ತದೆ, ಗೋಲ್ಡ್ 333. ಅದು 550 ಆಗಲಿ 850 ಆಗಲಿ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಬ್ರಾಂಜಿನಲ್ಲಿ ಹೆಚ್ಚುಕಡಿಮೆ 32 ಯೂನಿಟ್. ಗೋಲ್ಡಿನಲ್ಲಿ 30. ನಮ್ಮಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ ಬರುವುದು, ಹಾಗಾಗಿ ಬಿಲ್ಲಿನಲ್ಲಿ 64 ಯೂನಿಟ್ ಕಾಣಬಹುದು. ಇದು ಆಡುವ ಹೊತ್ತಿನ ಖರ್ಚು, ಎಸ್‌ಎಂಪಿಎಸ್‌ನ ಖರ್ಚು ಅಲ್ಲ. ಅಪ್ಪನಿಗೆ ಹೀಗೆಯೇ ಹೇಳು ತಮ್ಮ, ಮುಚ್ಚಿಡಬೇಡ. ಎಷ್ಟು ಆಡುತ್ತೀ ಅನ್ನುವುದರ ಮೇಲೆ ಬಿಲ್.

ಇನ್ನೊಂದು, ಬ್ರಾಂಜ್ ಗೋಲ್ಡ್ ಅನ್ನುವುದು ಎಷ್ಟು ಕರೆಂಟ್ ಬಿಸಿಯಾಗಿ ಹಾಳಾಗುತ್ತದೆ ಅಂತ ಹೇಳುವುದು ಮಾತ್ರ. ಒಳಗಿನ ಸಾಮಾನು ಒಳ್ಳೆಯದಾ, ಎಷ್ಟು ವರ್ಷ ಬಾಳುತ್ತದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಗ್ಯಾರಂಟಿ ಎಷ್ಟು ವರ್ಷ ಅಂತ ನೋಡಿ. ಐದು ವರ್ಷ ಕೊಡುವವನು ಸ್ವಲ್ಪವಾದರೂ ಧೈರ್ಯದಿಂದ ಮಾಡಿರುತ್ತಾನೆ.

ನೀರ್ಚಾಲು_ಅಕ್ಕ:

ನಾನು ಮನೆಯಲ್ಲಿಯೇ ವೀಡಿಯೋ ಎಡಿಟಿಂಗ್ ಮಾಡುವವಳು, ಗೇಮ್ ಆಡುವುದಿಲ್ಲ, ಆದರೆ ಕಂಪ್ಯೂಟರ್ ಅದೇ ಥರದ್ದು. ವೋಲ್ಟೇಜಿನ ಬಗ್ಗೆ ಯಾರೂ ಹೇಳಲಿಲ್ಲ, ನಮ್ಮ ಊರುಗಳಲ್ಲಿ ಅದೇ ದೊಡ್ಡ ವಿಷಯ. ಅದಕ್ಕೆ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ತಮ್ಮಾ, ಕಡಿಮೆ ವೋಲ್ಟೇಜಿಗೆ ಜಾಸ್ತಿ ವ್ಯಾಟಿನದ್ದು ತೆಗೆದುಕೊಂಡರೆ ಏನೂ ಪ್ರಯೋಜನ ಇಲ್ಲ. ನೋಡಬೇಕಾದದ್ದು ಸ್ಟಿಕ್ಕರಿನಲ್ಲಿ ಇನ್‌ಪುಟ್ ಅಂತ ಇರುವ ಸಾಲು. 100ರಿಂದ 240 ವೋಲ್ಟ್ ಅಂತ ಇದ್ದರೆ ಅದು 170ಕ್ಕೆ ಇಳಿದರೂ ಓಡುತ್ತದೆ. 200ರಿಂದ 240 ಅಂತ ಮಾತ್ರ ಇರುವುದು ಕೂಡ ಸಿಗುತ್ತದೆ, ಕಡಿಮೆ ಬೆಲೆಗೆ, ಅದು ನಮ್ಮ ಕಡೆಗೆ ಆಗುವುದೇ ಇಲ್ಲ. ವೋಲ್ಟೇಜ್ ಇಳಿದಾಗ ಅಷ್ಟೇ ವ್ಯಾಟ್ ಕೊಡಲಿಕ್ಕೆ ಅದು ಜಾಸ್ತಿ ಆಂಪ್ಸ್ ಎಳೆಯುತ್ತದೆ, 350 ವ್ಯಾಟಿಗೆ 230ರಲ್ಲಿ ಒಂದೂವರೆ ಆಂಪ್ಸ್ ಆದರೆ 170ರಲ್ಲಿ ಎರಡರ ಮೇಲೆ. ಸ್ವಲ್ಪ ಬಿಸಿ ಜಾಸ್ತಿ. ಹಾಗಾಗಿ ಗೋಡೆಯ ಪಾಯಿಂಟ್, ಎಕ್ಸ್‌ಟೆನ್ಶನ್ ವಯರ್ ಗಟ್ಟಿ ಇರಬೇಕು. ಸಡಿಲ ಪಾಯಿಂಟಿನಲ್ಲಿ ಹಾಕಿ ಕಿಡಿ ಹಾರುವುದನ್ನು ನೋಡಿಯೂ ಸುಮ್ನೆ ಇರಬೇಡ.

ಆಮೇಲೆ ಯುಪಿಎಸ್. ಅಂಗಡಿಯಲ್ಲಿ 600 ಅಂತ ಕೊಡುತ್ತಾರೆ, ಅದು ವಿಎ (ವೋಲ್ಟ್ ಆಂಪಿಯರ್), ವ್ಯಾಟ್ ಅಲ್ಲ. ವ್ಯಾಟ್ ಲೆಕ್ಕದಲ್ಲಿ ಹೆಚ್ಚಿನ 600ರದ್ದು 360. ನಿನ್ನ ಕಂಪ್ಯೂಟರ್ ಗೋಡೆಯಿಂದ 350ರ ಹತ್ತಿರ ಎಳೆಯುತ್ತದೆ, ಮಾನಿಟರ್ 30, ಆಗಲೇ ದಾಟಿತು. ಕರೆಂಟ್ ಹೋದ ಕೂಡಲೇ ಯುಪಿಎಸ್ ಕೂಗಿ ಅದೂ ಬಂದ್ ಆಗುತ್ತದೆ. 600 ವ್ಯಾಟ್ ಕೊಡುವ ಯುಪಿಎಸ್ ನೋಡು, ಸಾಮಾನ್ಯವಾಗಿ ಅದು 1000 ವಿಎ ಮೇಲಿನದ್ದು. ಅದು ಗೇಮ್ ಮುಂದುವರಿಸಲಿಕ್ಕೆ ಅಲ್ಲ, ಸೇವ್ ಮಾಡಿ ಸರಿಯಾಗಿ ಆಫ್ ಮಾಡಲಿಕ್ಕೆ.

ಮನೆಯ ಇನ್‌ವರ್ಟರಿನಿಂದ ಓಡಿಸುವವರಿಗೆ ನನ್ನ ಅನುಭವ ಹೇಳುತ್ತೇನೆ. ಮೊದಲು ನಮ್ಮಲ್ಲಿ ಇದ್ದದ್ದು ಸ್ಕ್ವೇರ್ ವೇವಿನ ಹಳೆಯ ಇನ್‌ವರ್ಟರ್. ಕರೆಂಟ್ ಹೋದ ಕೂಡಲೇ ಎಸ್‌ಎಂಪಿಎಸ್ ಜೇನುಹುಳದ ಹಾಗೆ ಗುಂಯ್ ಅನ್ನುತ್ತಿತ್ತು, ಎರಡರಲ್ಲಿ ಒಂದು ಸಲ ರೀಸ್ಟಾರ್ಟ್. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಲೈನಿನಿಂದ ಕರೆಂಟನ್ನು ಹದವಾಗಿ ಎಳೆಯುವ ಆಕ್ಟಿವ್ ಪಿಎಫ್‌ಸಿ ಅಂತ ಒಂದು ಭಾಗ ಇರುತ್ತದೆ, ಅದಕ್ಕೆ ಶುದ್ಧ ಸೈನ್ ವೇವ್ (ಲೈನಿನ ಕರೆಂಟಿನ ಹಾಗೆ ಮೃದುವಾಗಿ ಏರಿಳಿಯುವ ಅಲೆ) ಬಂದರೆ ಒಳ್ಳೆಯದು. ಸೈನ್ ವೇವ್ ಇನ್‌ವರ್ಟರ್ ಹಾಕಿದ ಮೇಲೆ ಆ ಸದ್ದು ನಿಂತಿತು, ರೀಸ್ಟಾರ್ಟ್ ಮಾತ್ರ ಒಮ್ಮೊಮ್ಮೆ ಇತ್ತು. ನೋಡಿದರೆ ಇನ್‌ವರ್ಟರಿನ ಹಿಂದೆ ಒಂದು ಸಣ್ಣ ಸ್ವಿಚ್, ಯುಪಿಎಸ್ ಮೋಡ್ ಅಂತ. ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನಲ್ಲಿ ಉಳಿದದ್ದರಿಂದ 16 ಮಿಲಿಸೆಕೆಂಡ್ ಹೊತ್ತು ಎಳೆಯುತ್ತದೆ ಅಂತ ಲೆಕ್ಕ, ಅಷ್ಟರ ಒಳಗೆ ಇನ್‌ವರ್ಟರ್ ಬರಬೇಕು. ಆ ಸ್ವಿಚ್ ಹಾಕಿದರೆ ಬೇಗ ಬರುತ್ತದೆ. ಆದರೆ ಆ ಮೋಡಿನಲ್ಲಿ ವೋಲ್ಟೇಜ್ 180ರ ಹತ್ತಿರ ಇಳಿದ ಕೂಡಲೇ ಅದು ಬ್ಯಾಟರಿಗೆ ಹೋಗುತ್ತದೆ, ಫೆಬ್ರವರಿ ಮಾರ್ಚಿನ ಸಂಜೆ ಎಲ್ಲರ ತೋಟದಲ್ಲಿ ಸ್ಪ್ರಿಂಕ್ಲರ್ ಓಡುವಾಗ ಲೈನಿನಲ್ಲಿ ಕರೆಂಟ್ ಇದ್ದೂ ಬ್ಯಾಟರಿ ಖಾಲಿ. ನಾನು ಆ ಹೊತ್ತಿಗೆ ದೊಡ್ಡ ಕೆಲಸ ಇಟ್ಟುಕೊಳ್ಳುವುದಿಲ್ಲ, ರಾತ್ರಿ ಹತ್ತರ ಮೇಲೆ ಕೂರುತ್ತೇನೆ.

ಎಲ್ಲಕ್ಕಿಂತ ಮುಖ್ಯ ಅರ್ತಿಂಗ್. ಒಂದು ಪ್ರಶ್ನೆ ಕೇಳುತ್ತೇನೆ, ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟಿನ ಹಿಂದಿನ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದಾ?

ಪೆರ್ಲ_ಹುಡುಗ:

ಹೌದು ಅಕ್ಕ! ಟೆಸ್ಟರ್ ಇಟ್ಟರೆ ಸಣ್ಣಗೆ ಕೆಂಪು ಲೈಟ್ ಕೂಡ ಉರಿಯುತ್ತದೆ. ಎಲ್ಲ ಕಂಪ್ಯೂಟರಿಗೂ ಹಾಗೆಯೇ ಅಂತ ಅಂದುಕೊಂಡಿದ್ದೆ.

ನೀರ್ಚಾಲು_ಅಕ್ಕ:

ಹಾಗೆ ಇರಬಾರದು. ಎಸ್‌ಎಂಪಿಎಸ್ ಒಳಗೆ ಕರೆಂಟ್ ಬರುವ ಜಾಗದಲ್ಲಿ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ, ಲೈನಿನ ಗಲೀಜನ್ನು ಅರ್ತಿಗೆ ಕಳಿಸಲಿಕ್ಕೆ. ಅರ್ತ್ ಇಲ್ಲದಿದ್ದರೆ ಆ ಸಣ್ಣ ಕರೆಂಟ್ ಕ್ಯಾಬಿನೆಟಿನಲ್ಲಿಯೇ ನಿಲ್ಲುತ್ತದೆ, ನೀನು ಮುಟ್ಟಿದಾಗ ನಿನ್ನ ಮೂಲಕ ಹೋಗುತ್ತದೆ. ಅಂದರೆ ನಿಮ್ಮ ಪಾಯಿಂಟಿಗೆ ಅರ್ತ್ ಬಂದೇ ಇಲ್ಲ, ಇಲ್ಲವೇ ಅರ್ತಿನ ಹೊಂಡ ಒಣಗಿದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಬೇಸಿಗೆಯಲ್ಲಿ ಹೊಂಡ ಒಣಗುವುದು ಸಾಮಾನ್ಯ, ನೀರು ಹೊಯ್ಯಬೇಕು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಇದನ್ನು ಸರಿ ಮಾಡಿಸು. ಕಾರ್ಡ್ ಒಂದು ತಿಂಗಳು ತಡವಾದರೂ ಅಡ್ಡಿಯಿಲ್ಲ. ಸರ್ಜ್ ಪ್ರೊಟೆಕ್ಟರ್ ಪಟ್ಟಿ ಹಾಕಿದರೂ ಅದು ಪೂರ್ತಿ ಕೆಲಸ ಮಾಡುವುದು ಅರ್ತ್ ಇದ್ದರೆ ಮಾತ್ರ.

ತುಲಾ ತಿಂಗಳ (ಅಕ್ಟೋಬರ್ ನವೆಂಬರಿನ) ಗುಡುಗಿಗೆ ಮಾತ್ರ ಯಾವ ಪಟ್ಟಿಯನ್ನೂ ನಂಬಬೇಡ. ಮಧ್ಯಾಹ್ನ ಮೋಡ ಕಪ್ಪಾದ ಕೂಡಲೇ ಪ್ಲಗ್ ಎಳೆದು ನೆಲದ ಮೇಲೆ ಹಾಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಜೊತೆಗೆ ಮೋಡೆಮಿನಿಂದ ಬರುವ ಲ್ಯಾನ್ ಕೇಬಲ್ ಕೂಡ ತೆಗೆ. ಫೈಬರ್ ಗಾಜಿನದ್ದು, ಅದರಲ್ಲಿ ಸಿಡಿಲು ಬರುವುದಿಲ್ಲ ನಿಜ, ಆದರೆ ಮೋಡೆಮಿನ ಅಡಾಪ್ಟರ್ ಕರೆಂಟಿನಲ್ಲಿ ಇರುತ್ತದೆ, ಅಲ್ಲಿಂದ ತಾಮ್ರದ ಲ್ಯಾನ್ ವಯರಿನಲ್ಲಿ ಬೋರ್ಡಿಗೆ ಬರುತ್ತದೆ. ನಮ್ಮಲ್ಲಿ ಪ್ಲಗ್ ಎಳೆದಿಟ್ಟಿದ್ದೆವು, ಲ್ಯಾನ್ ಮರೆತೆವು, ಬೋರ್ಡ್ ಹೋಯಿತು.

ಕುಂಬಳೆ_ಕೋಟೆ:

ನನ್ನ ಹತ್ತಿರ ಒಂದು 750 ವ್ಯಾಟಿನದ್ದು ಉಂಟು, ಗೋಲ್ಡ್, ಮಾಡ್ಯುಲರ್ (ವಯರುಗಳನ್ನು ಬಿಚ್ಚಿ ತೆಗೆಯಬಹುದಾದದ್ದು), ಒಳ್ಳೆಯ ಕಂಪೆನಿ. ಒಂಬತ್ತು ವರ್ಷ ಆಯಿತು, ಈಗಲೂ ಓಡುತ್ತದೆ. 2,000ಕ್ಕೆ ಕೊಡುತ್ತೇನೆ. ಆದರೆ ವಯರುಗಳು ಎಲ್ಲೋ ಹೋಗಿವೆ, ಬೇರೆ ಎಸ್‌ಎಂಪಿಎಸ್‌ನದ್ದು ಹಾಕಿದರೆ ಸರಿಹೋಗುತ್ತದಲ್ವಾ?

ಮುಳ್ಳೇರಿಯ_ರಿಪೇರಿ:

ಸರಿಹೋಗುವುದಿಲ್ಲ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮಾಡ್ಯುಲರ್ ವಯರಿನ ಬೋರ್ಡಿನ ತುದಿ ಎಲ್ಲ ಕಂಪೆನಿಗೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿ ಹಾಗಲ್ಲ. ತೂತಿಗೆ ಸರಿಯಾಗಿ ಕೂರುತ್ತದೆ, ಆದರೆ ಒಂದರಲ್ಲಿ 12 ವೋಲ್ಟ್ ಇರುವ ಜಾಗದಲ್ಲಿ ಇನ್ನೊಂದರಲ್ಲಿ ಗ್ರೌಂಡ್ ಇರಬಹುದು. ಒಂದೇ ಕಂಪೆನಿಯ ಎರಡು ಮಾಡೆಲಿನಲ್ಲೂ ಬೇರೆ ಬೇರೆ ಇರುತ್ತದೆ. ಸ್ವಿಚ್ ಹಾಕಿದ ಕ್ಷಣಕ್ಕೆ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡೂ ಸುಟ್ಟು ಬಂದ ಕೇಸ್ ನೋಡಿದ್ದೇನೆ.

ಒಂಬತ್ತು ವರ್ಷದ್ದು ಈಗ ಓಡುತ್ತಿರಬಹುದು. ಒಳಗಿನ ಕೆಪಾಸಿಟರ್ ಬಿಸಿಗೆ ಒಣಗುತ್ತಾ ಬಂದಿರುತ್ತದೆ, ಗ್ಯಾರಂಟಿ ಮುಗಿದಿರುತ್ತದೆ, ಹೊಸ ಕಾರ್ಡುಗಳು ಹಾರುವ ರೀತಿಗೆ ಅದು ಮಾಡಿದ್ದೂ ಅಲ್ಲ. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ, ವಯರ್ ಹುಡುಕಿ. ಇಷ್ಟು ದುಡ್ಡಿನ ಹೊಸ ಕಾರ್ಡಿಗೆ ಕಟ್ಟಬೇಡಿ.

ಪೆರ್ಲ_ಹುಡುಗ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಅಕ್ಕ ಹೇಳಿದ ಹಾಗೆ ಮೊದಲು ಅರ್ತಿಂಗ್. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ನನ್ನ ಕೋಣೆಯ ಪಾಯಿಂಟಿನ ಅರ್ತಿನ ಹಸಿರು ವಯರ್ ಸ್ವಿಚ್‌ಬೋರ್ಡಿನ ಒಳಗೆ ಯಾವುದಕ್ಕೂ ಸೇರಿಸದೆ ಸುತ್ತಿ ಇಟ್ಟಿದ್ದರು, ಮನೆ ಕಟ್ಟಿದಾಗಿನಿಂದ. ಅದನ್ನು ಸೇರಿಸಿ, ಹೊಂಡಕ್ಕೆ ಇದ್ದಿಲು ಉಪ್ಪು ಹಾಕಿ ನೀರು ಹೊಯ್ದೆವು. ಈಗ ಸ್ಕ್ರೂಗೆ ಟೆಸ್ಟರ್ ಇಟ್ಟರೆ ಲೈಟ್ ಇಲ್ಲ, ಕೈಗೆ ಜುಮ್ ಅನ್ನುವುದಿಲ್ಲ.

ಎಸ್‌ಎಂಪಿಎಸ್ ಮಂಗಳೂರಿನಿಂದ ತಂದೆ. 650 ವ್ಯಾಟ್, ಬ್ರಾಂಜ್, ಎಟಿಎಕ್ಸ್ 3.1, ಇನ್‌ಪುಟ್ 100ರಿಂದ 240, ಐದು ವರ್ಷ ಗ್ಯಾರಂಟಿ, 5,400 ಆಯಿತು. ಅಂಗಡಿಯಲ್ಲಿ ಮೂರು ಡಬ್ಬ ತಿರುಗಿಸಿ ನೋಡಿದೆ. ಒಂದರಲ್ಲಿ 12 ವೋಲ್ಟಿಗೆ 38 ಆಂಪ್ಸ್ ಇತ್ತು, ಅದೂ 650 ಅಂತಲೇ. ನಾನು ತಂದದ್ದರಲ್ಲಿ 54. ಮನೆಯಲ್ಲಿ ಅಡಕೆ ತೂಗುವ ತಕ್ಕಡಿಯಲ್ಲಿ ಹಳೆಯದನ್ನೂ ಹೊಸದನ್ನೂ ಇಟ್ಟು ಅಪ್ಪನಿಗೆ ತೋರಿಸಿದೆ, ಹಳೆಯದು 800 ಗ್ರಾಂ, ಹೊಸದು ಎರಡು ಕಿಲೋದ ಮೇಲೆ. ಅಪ್ಪ ಎರಡನ್ನೂ ಕೈಯಲ್ಲಿ ಎತ್ತಿ ನೋಡಿದರು, ಆಮೇಲೆ ಬಿಲ್ಲಿನ ಮಾತು ಬರಲಿಲ್ಲ. ಮೂರು ಗಂಟೆಯ ಲೆಕ್ಕವನ್ನು ಮಾತ್ರ ಕೇಳಿ ನೆನಪಿಟ್ಟುಕೊಂಡಿದ್ದಾರೆ.

ಕಾರ್ಡ್ ನಿನ್ನೆ ಬಂತು. ಒಂದೇ 8 ಪಿನ್, ಎಸ್‌ಎಂಪಿಎಸ್‌ನ ಸ್ವಂತ ವಯರಿನಿಂದ ಹಾಕಿದ್ದೇನೆ. ಗೆಳೆಯನ ಹತ್ತಿರ ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ಇತ್ತು, ತಂದು ನೋಡಿದೆ. ಸುಮ್ನೆ ಇರುವಾಗ 60ರ ಹತ್ತಿರ, ಆಟದಲ್ಲಿ 300ರಿಂದ 330, ಮಾನಿಟರ್ ಬಿಟ್ಟು. ಸಂಜೆ ಆರೂವರೆಗೆ ವೋಲ್ಟೇಜ್ 184ಕ್ಕೆ ಇಳಿದಿತ್ತು, ಆಗಲೂ ಒಂದು ಗಂಟೆ ಆಡಿದೆ, ಆಫ್ ಆಗಲಿಲ್ಲ. ಯುಪಿಎಸ್ ಮುಂದಿನ ತಿಂಗಳು.

ಒಂದು ಕೊನೆಯ ಪ್ರಶ್ನೆ. ಹಳೆಯ 450ನ್ನು ಬಿಚ್ಚಿ ಒಳಗೆ ಹೇಗೆ ಉಂಟು ಅಂತ ನೋಡಬಹುದಾ?

ಮುಳ್ಳೇರಿಯ_ರಿಪೇರಿ:

ಕೇಳಿದ್ದು ಒಳ್ಳೆಯದಾಯಿತು. ಬಿಚ್ಚಬೇಡ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನ ಮೇಲೆ ಉಳಿದಿರಬಹುದು, ಅಗ್ಗದ ಡಬ್ಬಗಳಲ್ಲಿ ಅದನ್ನು ಇಳಿಸುವ ರೆಸಿಸ್ಟರ್ ಹಾಕದೆ ಇರುವುದೂ ಉಂಟು. ಮುಳ್ಳೇರಿಯ ಕಡೆ ಬಂದಾಗ ತೆಗೆದುಕೊಂಡು ಬಾ, ಡಿಸ್ಚಾರ್ಜ್ ಮಾಡಿ ನಾನೇ ಬಿಚ್ಚಿ ತೋರಿಸುತ್ತೇನೆ. ಆ ಕರಟಿದ ಕನ್ವರ್ಟರನ್ನೂ ತಾ, ಅಂಗಡಿಯಲ್ಲಿ ನೇತುಹಾಕುತ್ತೇನೆ, ಕೇಳಿಕೊಂಡು ಬರುವವರಿಗೆ ತೋರಿಸಲಿಕ್ಕೆ ಆಗುತ್ತದೆ.